ಡಾಕ್ಟರಾಗುವವರಿಗೆ ಗಣಿತ ಯಾಕೆ?

ನಿನ್ನೆ ಇಲ್ಲಿ ಅಮೆರಿಕದ ನಮ್ಮ ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳಿದ ಮಾತಿನ ಸಿಟ್ಟು ಇನ್ನೂ ಇಳಿದಿಲ್ಲ. ಜೀವಶಾಸ್ತ್ರ ಓದಿ ಮುಂದೆ ವೈದ್ಯಕೀಯಕ್ಕೆ ಹೋಗಬೇಕೆಂದಿರುವ ಹುಡುಗಿಯೊಬ್ಬಳು, ಕಾಲೇಜಿನಲ್ಲಿ ಗಣಿತದ ಯಾವ ಕೋರ್ಸ್ ತೆಗೆದುಕೊಳ್ಳಲಿ ಎಂದು ಕೇಳಿದಳು. "ಯಾವುದರಲ್ಲಿ ಸುಲಭವಾಗಿ ಎ ಗ್ರೇಡ್ ಬರುತ್ತದೋ ಅದು. ಡಾಕ್ಟರಿಗೆ ಗಣಿತ ಯಾಕಮ್ಮ?" ಎಂದರು ಹಿರಿಯರೊಬ್ಬರು. ಸುತ್ತಲಿದ್ದವರೂ ಹೌದೆಂದರು.

ಡಾಕ್ಟರಿಗೆ ಗಣಿತ ಯಾಕೆ! ಔಷಧ ಪ್ರಯೋಗಗಳ ಅಂಕಿಅಂಶಗಳ ನಡುವೆಯೇ ನನ್ನ ದಿನ ಕಳೆಯುವುದು ನಿಮಗೆ ಗೊತ್ತಲ್ಲ, ಆ ಮಾತು ಎದೆಗೇ ನಾಟಿತು. ಒಂದು ಲೆಕ್ಕ ಹಾಕಿ. 1000 ಜನರಲ್ಲಿ 10 ಮಂದಿಗೆ ಕಾಯಿಲೆಯಿದೆ. ಪರೀಕ್ಷೆ ಅವರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಉಳಿದ 990 ಆರೋಗ್ಯವಂತರಲ್ಲಿ ಶೇ. 10ರಷ್ಟು, ಅಂದರೆ 99 ಮಂದಿಗೂ ತಪ್ಪಾಗಿ ಪಾಸಿಟಿವ್ ಬರುತ್ತದೆ. ಪಾಸಿಟಿವ್ ಬಂದ 108 ಮಂದಿಯಲ್ಲಿ ನಿಜಕ್ಕೂ ಕಾಯಿಲೆಯಿರುವವರು 9 ಮಂದಿ, ಹನ್ನೆರಡರಲ್ಲಿ ಒಬ್ಬರು ಮಾತ್ರ. ಇದನ್ನು ತಿಳಿಯದ ವೈದ್ಯರೊಬ್ಬರು, ಪಾಸಿಟಿವ್ ಬಂದಿದ್ದ ನನ್ನ ಅಮ್ಮನಿಗೆ "ಪರೀಕ್ಷೆ ಶೇ. 90ರಷ್ಟು ಖಚಿತ" ಎಂದುಬಿಟ್ಟಿದ್ದರು. ಮುಂದಿನ ತಪಾಸಣೆಯಲ್ಲಿ ಏನೂ ಇಲ್ಲವೆಂದಾಗುವವರೆಗೆ ಅಮ್ಮ ಸರಿಯಾಗಿ ಉಣ್ಣಲಿಲ್ಲ, ನಿದ್ರೆ ಮಾಡಲಿಲ್ಲ. ಆ ದಿನಗಳನ್ನು ನಾನು ಮರೆಯಲಾರೆ.

ಆದ್ದರಿಂದ ಪ್ರಿ-ಮೆಡ್ ಮಕ್ಕಳಿಗೆ, ಅಂದರೆ ವೈದ್ಯಕೀಯಕ್ಕೆ ಸಿದ್ಧರಾಗುತ್ತಿರುವ ಕಾಲೇಜು ವಿದ್ಯಾರ್ಥಿಗಳಿಗೆ, ನಾನು ಹೇಳುವುದು ಒಂದೇ: ಮೊದಲು ಸಂಖ್ಯಾಶಾಸ್ತ್ರ (ಸ್ಟ್ಯಾಟಿಸ್ಟಿಕ್ಸ್). ಜೀವಶಾಸ್ತ್ರದ ದತ್ತಾಂಶ ಇಟ್ಟುಕೊಂಡು ಕಲಿಸುವ ಕೋರ್ಸ್ ಸಿಕ್ಕರೆ ಇನ್ನೂ ಒಳ್ಳೆಯದು. 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗವನ್ನೇ ನೋಡಿ. ಕ್ಷಯರೋಗಿಗಳಲ್ಲಿ ಯಾರಿಗೆ ಆ ಔಷಧ, ಯಾರಿಗೆ ಇಲ್ಲ ಎಂಬುದನ್ನು ಯಾದೃಚ್ಛಿಕವಾಗಿ, ಚೀಟಿ ಎತ್ತಿದಂತೆ, ನಿರ್ಧರಿಸುವ ಕ್ರಮ ರೂಪಿಸಿದವರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಅವರು ವೈದ್ಯರಲ್ಲ, ಸಂಖ್ಯಾಶಾಸ್ತ್ರಜ್ಞರು. ತಮಗೇ ಕ್ಷಯ ತಗುಲಿ ವೈದ್ಯರಾಗುವ ಆಸೆಯನ್ನು ಕೈಬಿಟ್ಟವರು. ಇಂದು ಯಾವ ಹೊಸ ಔಷಧವನ್ನು ನಂಬಬೇಕೆಂದು ವೈದ್ಯರು ತೀರ್ಮಾನಿಸುವುದು ಇಂಥ ಪ್ರಯೋಗಗಳ ಫಲಿತಾಂಶ ಓದಿಯೇ.

ಕ್ಯಾಲ್ಕ್ಯುಲಸ್ ಬೇಡವೇ ಎಂದರೆ, ಒಂದು ಸೆಮಿಸ್ಟರ್ ಬೇಕು. ರಕ್ತದಲ್ಲಿ ಔಷಧದ ಪ್ರಮಾಣ ಯಾವ ವೇಗದಲ್ಲಿ ಇಳಿಯುತ್ತದೆ ಎಂಬುದು ಅದಿಲ್ಲದೆ ಮನಸ್ಸಿಗೆ ಇಳಿಯುವುದಿಲ್ಲ, ಕೆಲವು ವೈದ್ಯಕೀಯ ಕಾಲೇಜುಗಳೂ ಅದನ್ನು ಕೇಳುತ್ತವೆ. ಆದರೆ ಎರಡನೆಯ ಸೆಮಿಸ್ಟರಿನ ಅನುಕಲನದ (ಇಂಟಿಗ್ರೇಷನ್) ಕಸರತ್ತಿಗಾಗಿ ಸಂಖ್ಯಾಶಾಸ್ತ್ರವನ್ನು ಬಿಡುವುದು ನನಗೆ ಒಪ್ಪಿಗೆಯಿಲ್ಲ. ವೈದ್ಯಕೀಯ ಕಾಲೇಜಿಗೆ ಸೇರಲು ಬರೆಯುವ ಎಂಕ್ಯಾಟ್ ಪರೀಕ್ಷೆಗೆ ಕ್ಯಾಲ್ಕ್ಯುಲಸ್ ಬೇಕಿಲ್ಲ. 2015ರಿಂದ ಜಾರಿಯಲ್ಲಿರುವ ಅದರ ಹೊಸ ರೂಪ ಸಂಶೋಧನೆಯ ವಿನ್ಯಾಸವನ್ನೂ ದತ್ತಾಂಶದ ಅರ್ಥವನ್ನೂ ನೇರವಾಗಿ ಪರೀಕ್ಷಿಸುತ್ತದೆ.

ಜಿಪಿಎ (ಗ್ರೇಡುಗಳ ಸರಾಸರಿ) ಕುಸಿದರೆ ಸೀಟೇ ಸಿಗುವುದಿಲ್ಲ ಎನ್ನುತ್ತೀರಿ. ಆ ಭಯ ನನಗೂ ಅರ್ಥವಾಗುತ್ತದೆ. ಆದರೆ ಒಂದು ಗ್ರೇಡಿನ ಭಯಕ್ಕೆ ರೋಗಿಯ ವರದಿ ಓದಲು ಬೇಕಾದ ವಿದ್ಯೆಯನ್ನೇ ಬಿಟ್ಟುಬಿಡುವುದೇ? ಕಷ್ಟವೆನಿಸಿದರೆ ರಸಾಯನಶಾಸ್ತ್ರದ ಹೊರೆ ಕಡಿಮೆಯಿರುವ ಸೆಮಿಸ್ಟರಿನಲ್ಲಿ ತೆಗೆದುಕೊಳ್ಳಲಿ, ಪ್ರಾಧ್ಯಾಪಕರನ್ನು ಅವರ ಕಚೇರಿಯಲ್ಲೇ ಕಂಡು ಸಂದೇಹ ಕೇಳಲಿ.

ಹೈಸ್ಕೂಲಿನಲ್ಲೇ ಎಪಿ (ಕಾಲೇಜು ಮಟ್ಟದ) ಕ್ಯಾಲ್ಕ್ಯುಲಸ್ ಮುಗಿಸಿದ ಮಕ್ಕಳ ತಂದೆತಾಯಂದಿರು, ಗಣಿತ ಅಲ್ಲಿಗೆ ಮುಗಿಯಿತೆಂದು ನಿಶ್ಚಿಂತರಾಗಬೇಡಿ. ಎಪಿ ಕ್ರೆಡಿಟ್ಟನ್ನು ಎಲ್ಲ ವೈದ್ಯಕೀಯ ಕಾಲೇಜುಗಳೂ ಒಪ್ಪುವುದಿಲ್ಲ. ಅರ್ಜಿ ಹಾಕಬೇಕೆಂದಿರುವ ಕಾಲೇಜುಗಳ ನಿಯಮಗಳನ್ನು ಮೊದಲ ವರ್ಷದಲ್ಲೇ ಓದಿ. ಒಪ್ಪುವ ಕಡೆ ಉಳಿಯುವ ಜಾಗಕ್ಕೆ ಸಂಖ್ಯಾಶಾಸ್ತ್ರದ ಎರಡನೆಯ ಕೋರ್ಸ್ ಸೇರಿಸಲು ಮಕ್ಕಳಿಗೆ ಹೇಳಿ.