ಎರಡಕ್ಕೆ ಎರಡು ಸೇರಿದರೆ ನಾಲ್ಕು: ಇದು ದೇವರ ಅಪ್ಪಣೆಯೇ?

ಫ್ರೆಂಚ್ ತತ್ತ್ವಜ್ಞಾನಿ ಡೇಕಾರ್ಟ್ ಅಂದಕೂಡಲೇ ‘ನಾನು ಯೋಚಿಸುತ್ತೇನೆ, ಆದ್ದರಿಂದ ಇದ್ದೇನೆ’ ಅನ್ನುವವರೇ ಎಲ್ಲರೂ. ಅವನ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. 1630ರಲ್ಲಿ ಹಾಲೆಂಡಿನಿಂದ ಗೆಳೆಯ ಮರ್ಸೆನ್‌ಗೆ ಬರೆದ ಪತ್ರಗಳಲ್ಲಿ ಅವನು ಹೇಳುತ್ತಾನೆ: ಗಣಿತದ ಸತ್ಯಗಳನ್ನೂ ಮಾಡಿದ್ದು ದೇವರೇ, ರಾಜ ತನ್ನ ರಾಜ್ಯಕ್ಕೆ ಕಾನೂನು ಮಾಡಿದ ಹಾಗೆ. ವೃತ್ತದ ತ್ರಿಜ್ಯಗಳೆಲ್ಲ ಸಮ ಅನ್ನುವುದು ನಿಜವಾಗದಂತೆ ಮಾಡುವ ಸ್ವಾತಂತ್ರ್ಯವೂ ದೇವರಿಗಿತ್ತು, ಲೋಕವನ್ನೇ ಸೃಷ್ಟಿಸದೆ ಇರುವಷ್ಟೇ ಸ್ವಾತಂತ್ರ್ಯ.

ಮುಂದೆ ಬಂದ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಜ್‌ಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. ದೇವರು ಇಷ್ಟಪಟ್ಟದ್ದೆಲ್ಲ ಒಳ್ಳೆಯದು ಅಂತಾದರೆ, ತದ್ವಿರುದ್ಧ ಮಾಡಿದ್ದರೂ ಹೊಗಳಲೇಬೇಕಿತ್ತಲ್ಲ, ಮತ್ತೆ ಆ ಹೊಗಳಿಕೆಗೆ ಏನರ್ಥ ಎಂದು 1686ರಲ್ಲಿ ಕೇಳಿದ. ಒಳಿತು ಕೆಡುಕಿನ ವಿಷಯದಲ್ಲಿ ನಾನು ಪೂರಾ ಲೈಬ್ನಿಜ್ ಕಡೆ. ಅರಿವಿನ ವಿಷಯಕ್ಕೆ ಬಂದರೆ ಮಾತ್ರ ಡೇಕಾರ್ಟ್ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ನನ್ನ ತಲೆಗೆ ಹೊಳೆಯದ್ದು ದೇವರಿಗೂ ಅಸಾಧ್ಯ ಅನ್ನಲು ನಾನ್ಯಾರು? ಡೇಕಾರ್ಟ್ ವಾದದ ತಿರುಳು ಇಷ್ಟೇ. (ಅವನನ್ನು ಇಚ್ಛಾವಾದಿ, ಅಂದರೆ ದೇವರ ಇಚ್ಛೆಯೇ ಎಲ್ಲಕ್ಕೂ ಮೊದಲು ಅನ್ನುವವನು, ಅಂತ ಸಲೀಸಾಗಿ ಕರೆದುಬಿಡುತ್ತಾರೆ. ಆದರೆ ದೇವರಲ್ಲಿ ಇಚ್ಛಿಸುವುದು, ಅರಿಯುವುದು, ಸೃಷ್ಟಿಸುವುದು ಮೂರೂ ಒಂದೇ, ಯಾವುದೂ ಮೊದಲಲ್ಲ ಅಂತ ಅವನೇ ಬರೆದಿದ್ದಾನೆ.)

ತೊಡಕು ಇರುವುದು ಮುಂದೆ. ಹಾಗಾದರೆ ದೇವರು ನಾಳೆ ಈ ಸತ್ಯಗಳನ್ನು ಬದಲಿಸಬಹುದೇ? ಆ ಪ್ರಶ್ನೆಯನ್ನೂ ಡೇಕಾರ್ಟನೇ ಎತ್ತುತ್ತಾನೆ: ಹೌದು, ಅವನ ಇಚ್ಛೆ ಬದಲಾಗುವಂಥದ್ದಾದರೆ; ಆದರೆ ಅದು ಬದಲಾಗದ್ದು ಎಂದು ನನಗೆ ತಿಳಿದಿದೆ. ಸರಿ ಸ್ವಾಮಿ, ತಿಳಿದದ್ದು ಯಾವ ಬುದ್ಧಿಯಿಂದ? ಅದೇ ದೇವರು ಮಾಡಿಕೊಟ್ಟ ಬುದ್ಧಿಯಿಂದಲೇ! 1641ರ ಅವನ ‘ಮೆಡಿಟೇಷನ್ಸ್’ ಪುಸ್ತಕದಲ್ಲೂ ಇದೇ ಸುತ್ತು. ಸ್ಪಷ್ಟವಾಗಿ ಕಂಡದ್ದು ನಿಜ ಅನ್ನಲು ಮೋಸಮಾಡದ ದೇವರು ಬೇಕು, ಆ ದೇವರಿದ್ದಾನೆ ಅನ್ನಲು ಸ್ಪಷ್ಟವಾಗಿ ಕಂಡದ್ದನ್ನು ನಂಬಬೇಕು. ಫ್ರೆಂಚ್ ದೇವತಾಶಾಸ್ತ್ರಜ್ಞ ಆರ್ನೋ ಇದನ್ನು ಆಗಲೇ ಹಿಡಿದ. ಗಮನವಿಟ್ಟು ನೋಡುತ್ತಿರುವಾಗ ಸಂಶಯ ಬರುವುದಿಲ್ಲ, ಆಮೇಲೆ ನೆನಪನ್ನು ನೆಚ್ಚುವಾಗಷ್ಟೇ ದೇವರ ಭರವಸೆ ಬೇಕು ಎಂದು ಡೇಕಾರ್ಟ್ ಉತ್ತರಿಸಿದ. ನನಗದು ಅರ್ಧ ಉತ್ತರ.

ನನ್ನ ತಕರಾರು ಇದಕ್ಕಿಂತ ದೊಡ್ಡದು. ದೇವರ ಇಚ್ಛೆ ಅಷ್ಟು ಸ್ವತಂತ್ರ, ನಮ್ಮ ಬುದ್ಧಿಗೆ ಅಷ್ಟು ಮಿತಿ ಅಂತ ನಂಬಿದವನು ಲೋಕದ ನಿಯಮಗಳನ್ನು ಮೊದಲು ಕಣ್ಣುಬಿಟ್ಟು ನೋಡಬೇಕಿತ್ತು. ಅವನು ಮಾಡಿದ್ದೇನು? ದೇವರು ಬದಲಾಗುವುದಿಲ್ಲ, ಆದ್ದರಿಂದ ಲೋಕದಲ್ಲಿರುವ ಒಟ್ಟು ಚಲನೆಯೂ ಬದಲಾಗುವುದಿಲ್ಲ ಎಂದು 1644ರ ‘ಪ್ರಿನ್ಸಿಪಲ್ಸ್’ನಲ್ಲಿ ತೀರ್ಮಾನಿಸಿದ. ಆ ಚಲನೆಯ ಅಳತೆ ಅವನ ಪ್ರಕಾರ ವಸ್ತುವಿನ ಗಾತ್ರ ಗುಣಿಸು ವೇಗ. ಲೈಬ್ನಿಜ್ ಅದೇ 1686ರಲ್ಲಿ ಅದನ್ನು ಕೆಡವಿದ. 1 ಪೌಂಡನ್ನು 4 ಗಜ ಎತ್ತುವುದಕ್ಕೂ 4 ಪೌಂಡನ್ನು 1 ಗಜ ಎತ್ತುವುದಕ್ಕೂ ಬೇಕಾದ ಬಲ ಒಂದೇ, ಅದನ್ನು ಡೇಕಾರ್ಟ್ ಕಡೆಯವರೂ ಒಪ್ಪುತ್ತಿದ್ದರು. ಅಷ್ಟಷ್ಟೇ ಎತ್ತರದಿಂದ ಬೀಳಲು ಬಿಡಿ: ಮೊದಲನೆಯದರ ವೇಗ ಎರಡನೆಯದರ ಇಮ್ಮಡಿ. ಡೇಕಾರ್ಟ್ ಲೆಕ್ಕದಲ್ಲಿ ಒಂದಕ್ಕೆ 2 (1×2), ಇನ್ನೊಂದಕ್ಕೆ 4 (4×1). ಸಮ ಬರಲೇ ಇಲ್ಲ. ವೇಗದ ಬದಲು ವೇಗದ ವರ್ಗ ಹಿಡಿದರೆ ಎರಡೂ ಕಡೆ 4.

ಲೈಬ್ನಿಜ್ ಕೂಡ ತತ್ತ್ವದಿಂದಲೇ ಹೊರಟವನು. ಕಾರಣಕ್ಕೂ ಕಾರ್ಯಕ್ಕೂ ಸಮತೂಕ ಇರಲೇಬೇಕು ಅನ್ನುವುದು ಅವನ ಹಟ. ಆದರೆ ಆ ‘ಇಮ್ಮಡಿ’ ಯಾವ ತತ್ತ್ವದಿಂದಲೂ ಬಂದದ್ದಲ್ಲ, ಇಳಿಜಾರಿನಲ್ಲಿ ಗುಂಡು ಉರುಳಿಸಿ ಕಾಲ ಅಳೆದ ಗೆಲಿಲಿಯೊನ ಕೆಲಸದಿಂದ ಬಂದದ್ದು.