ಅಜ್ಜನ ಡಿಕ್ರಿಗಾಗಿ ಮೂರು ಅಲೆದಾಟ
ಅಜ್ಜ ಹಾಕಿದ್ದ ಪಾಲು ದಾವೆಯ ಡಿಕ್ರಿ, ಅಂದರೆ ಕೋರ್ಟು ಕೊಟ್ಟ ತೀರ್ಮಾನದ ಆದೇಶ, ಅದರ ನಕಲು ಬೇಕಿತ್ತು. ತಾಲ್ಲೂಕು ಕೋರ್ಟಿಗೆ ಮೂರು ಸಲ ಹೋಗಿ ಬರಿಗೈಲಿ ಬಂದೆ. ನಮ್ಮೂರಿಂದ ಬೆಳಗ್ಗೆ ಒಂದೇ ಬಸ್ಸು, ಹೋದರೆ ಆ ದಿನದ ಕೆಲಸ ಹೋಯ್ತು ಅಂತಲೇ ಲೆಕ್ಕ.

ನಕಲು ವಿಭಾಗದಲ್ಲಿ ಮೊದಲ ಪ್ರಶ್ನೆ: "ಓಎಸ್ ನಂಬರು, ವರ್ಷ ಹೇಳಿ." ಓಎಸ್ ಅಂದರೆ ಮೂಲ ದಾವೆ, ಅದು ದಾಖಲಾದ ನಂಬರು. ಅಜ್ಜನೂ ಇಲ್ಲ, ಅವರ ವಕೀಲರೂ ಇಲ್ಲ. ನಂಬರು ಯಾರನ್ನ ಕೇಳಲಿ? ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಹಾಕಿ ಹುಡುಕೋಣ ಅಂದರೆ ಅದೂ ವರ್ಷ ಕೇಳುತ್ತೆ. ಇದ್ದಬದ್ದ ವರ್ಷವೆಲ್ಲ ಹಾಕಿ ನೋಡಿದೆ. ಈಗಿನ ಕೇಸುಗಳಿಗೆ ಸಿಎನ್‌ಆರ್ ಅನ್ನೋ 16 ಅಕ್ಷರದ ಗುರುತಿನ ಸಂಖ್ಯೆ ಇದೆ, ಅಜ್ಜನ ಕೇಸು ಕಂಪ್ಯೂಟರಿಗೇ ಏರಿಲ್ಲ.

ದಾಖಲೆ ನೋಡುವ ಹಕ್ಕಿದ್ದವರು ಶುಲ್ಕ ಕಟ್ಟಿ ಕೇಳಿದರೆ ದೃಢೀಕೃತ ನಕಲು ಕೊಡಲೇಬೇಕು ಅಂತ 1872ರ ಸಾಕ್ಷ್ಯ ಕಾಯ್ದೆಯ 76ನೇ ಕಲಂನಲ್ಲೇ ಇತ್ತು. 2024ರ ಜುಲೈಯಿಂದ ಬಂದ ಹೊಸ ಕಾಯ್ದೆಯಲ್ಲಿ ಅದೇ ಮಾತು 75ನೇ ಕಲಂ. ಹಕ್ಕಿದೆ ಸರಿ, ಆದರೆ ನಂಬರಿಲ್ಲದೆ ಅರ್ಜಿಯನ್ನೇ ತಗೊಳ್ಳದಿದ್ದರೆ ಅದನ್ನ ಇಟ್ಟುಕೊಂಡು ಏನು ಮಾಡೋದು? ಅಲ್ಲಿನ ಸಿಬ್ಬಂದಿ ಕೆಟ್ಟವರಲ್ಲ, ಕೈತುಂಬ ಕೆಲಸ.

ಹಳೇ ದಾವಾ ರಿಜಿಸ್ಟರಿನ ಪುಟಗಳನ್ನಾದರೂ ಸ್ಕ್ಯಾನ್ ಮಾಡಿ ಹಾಕಿ. ವಾದಿ ಪ್ರತಿವಾದಿ ಹೆಸರು ನೋಡಿ ನಂಬರು ನಾವೇ ಹುಡುಕಿಕೊಳ್ತೀವಿ.