ಸತ್ಯಾಂಶ: 2029ರ ಡಿಕ್ಕಿ 'ಫಿಫ್ಟಿ-ಫಿಫ್ಟಿ' ಅಲ್ಲ

ಚಿಕ್ಕಮಗಳೂರಿನ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಮತ್ತೆ ಬಂದಿದೆ: "2029ರ ಏಪ್ರಿಲ್ 13ಕ್ಕೆ ಅಪೋಫಿಸ್ ಕ್ಷುದ್ರಗ್ರಹ ಭೂಮಿಗೆ ಬಡಿಯಬಹುದು, ಬಡಿಯದೇ ಇರಬಹುದು. ಫಿಫ್ಟಿ-ಫಿಫ್ಟಿ." ದೊಡ್ಡಮ್ಮ ಹೆದರಿದ್ದಾರೆ.

ದಾರಿ ಎರಡಿದ್ದ ಮಾತ್ರಕ್ಕೆ ಎರಡೂ ಸಮ ಅಲ್ಲ. ಸುಮ್ನೆ ಒಂದು ಪಂದ್ಯ ಊಹಿಸಿಕೊಳ್ಳಿ. 50 ಕಿಲೋ ಕಾಫಿ ಬೀಜದ ಮೂಟೆ, ಹೆಚ್ಚುಕಮ್ಮಿ 3 ಲಕ್ಷ ಬೀಜ. ಒಂದಕ್ಕೆ ಮಾತ್ರ ಕುಂಕುಮ ಹಚ್ಚಿದೆ. ಕಣ್ಣು ಮುಚ್ಚಿ, ಮೊಣಕೈವರೆಗೆ ಕೈ ಇಳಿಸಿ ಒಂದೇ ಬೀಜ ತೆಗೆಯಬೇಕು. ಅದೇ ಸಿಕ್ಕರೆ 1 ಲಕ್ಷ ರೂಪಾಯಿ. ಇಲ್ಲವೇ ಅಪೋಫಿಸ್ ಬಡಿದರೆ ಅಷ್ಟೇ ಹಣ. ಯಾವುದಕ್ಕೆ ಕಟ್ಟುತ್ತೀರಿ? ನಾನಂತೂ ಮೂಟೆಗೆ. ಅಂದರೆ ಡಿಕ್ಕಿಯ ಸಾಧ್ಯತೆ 3 ಲಕ್ಷಕ್ಕೆ ಒಂದಕ್ಕಿಂತಲೂ ಕಡಿಮೆ ಅಂತ ನಂಬಿದ್ದೇನೆ.

2004ರಲ್ಲಿ ಲೆಕ್ಕ ಶೇ 2.7ಕ್ಕೆ ಏರಿತ್ತು, ಆಗ ಹೆದರಿದ್ದು ತಪ್ಪಲ್ಲ. 2021ರ ರೇಡಾರ್ ಅಳತೆಯ ನಂತರ, ಕನಿಷ್ಠ 100 ವರ್ಷ ಅಪಾಯವಿಲ್ಲ ಎಂದು ನಾಸಾ ಹೇಳಿದೆ. 2029ರ ಆ ದಿನ ಅಪೋಫಿಸ್ ಸುಮಾರು 32,000 ಕಿ.ಮೀ. ಎತ್ತರದಲ್ಲಿ ಹಾದುಹೋಗುತ್ತದೆ.